ಶುಕ್ರವಾರ ಕೊಡದ ಕೇಬಲ್ಲು

ಸದ್ದು ಮಾಡುವ ಯಂತ್ರಗಳನ್ನು ಕಂಡರೆ ನನಗೆ ಮೊದಲಿಂದಲೂ ಒಂದು ಗೌರವ. ಮಿಕ್ಸಿ ಗುರುಗುಟ್ಟಬೇಕು, ಫ್ಯಾನು ಕಟಕಟ ಎನ್ನಬೇಕು, ನನ್ನ ಸ್ಕೂಟರು ಬೀದಿಯ ತಿರುವಿನಲ್ಲಿರುವಾಗಲೇ ಮನೆಯವರಿಗೆ ಯಜಮಾನ ಬಂದನೆಂದು ಗೊತ್ತಾಗಬೇಕು. ಸದ್ದಿಲ್ಲದೆ ಇರುವ ಯಂತ್ರ ಕೆಲಸ ಮಾಡುತ್ತಿದೆಯೋ ಅಥವಾ ಕಣ್ಣು ಮುಚ್ಚಿ ಕೂತಿದೆಯೋ ಎಂದು ತಿಳಿಯುವುದಾದರೂ ಹೇಗೆ? ಮನುಷ್ಯರ ವಿಷಯದಲ್ಲೂ ನನ್ನ ಲೆಕ್ಕ ಹೀಗೇ ಇದೆ ಎಂದು ನನ್ನ ಹೆಂಡತಿ ಭಾಗ್ಯಳ ಆರೋಪ. ಒಂದು ಬಲ್ಬು ಬದಲಿಸುವುದಕ್ಕೂ ಮನೆಮಂದಿಯನ್ನೆಲ್ಲ ಕೂಗಿ ಕರೆದು, ಒಬ್ಬರ ಕೈಗೆ ಟಾರ್ಚು, ಇನ್ನೊಬ್ಬರ ಕೈಗೆ ಸ್ಟೂಲು ಕೊಟ್ಟು, ಕೊನೆಗೆ ಬಲ್ಬು ಹಾಕಿದ್ದು ನಾನೇ ಎಂದು ಬೀದಿಗೆ ಕೇಳಿಸುವವನು ನಾನಂತೆ. ಇರಬಹುದು. ಮಾಡಿದ ಕೆಲಸ ನಾಲ್ಕು ಜನಕ್ಕೆ ತಿಳಿಯಲಿ ಎನ್ನುವುದರಲ್ಲಿ ತಪ್ಪೇನಿದೆಯೋ ನನಗಿನ್ನೂ ಅರ್ಥವಾಗಿಲ್ಲ.

ನಂಜನಗೂಡಿನಲ್ಲಿ ನನ್ನದೊಂದು ವಿಡಿಯೋ ಮಿಕ್ಸಿಂಗ್ ಅಂಗಡಿ ಇದೆ. ಸುತ್ತಮುತ್ತಲ ಮದುವೆ, ನಾಮಕರಣ, ಗೃಹಪ್ರವೇಶಗಳ ಚಿತ್ರಣವನ್ನೆಲ್ಲ ಕ್ಯಾಮೆರಾದವರು ನನ್ನಲ್ಲಿಗೆ ತಂದು ಸುರಿಯುತ್ತಾರೆ. ನಾನು ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ವಧೂವರರ ತಲೆಯ ಮೇಲೆ ಗುಲಾಬಿ ದಳ ಉದುರಿಸಿ, ಬೇಡವೆಂದರೂ ಎರಡು ಹೃದಯ ತೇಲಿಬಿಟ್ಟು ಕೊಡುತ್ತೇನೆ. ಲಗ್ನದ ದಿನಗಳಲ್ಲಿ ಕ್ಯಾಮೆರಾದವರಿಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ತಮ್ಮ ಮೆಮೊರಿ ಕಾರ್ಡುಗಳನ್ನು ನನ್ನಲ್ಲಿ ಖಾಲಿ ಮಾಡಿಕೊಂಡು, ಅವನ್ನೇ ಅಳಿಸಿ ಮಾರನೆಯ ದಿನ ಇನ್ನೊಂದು ಮದುವೆಗೆ ಒಯ್ಯುತ್ತಾರೆ. ಅಲ್ಲಿಗೆ, ಹಿಂದಿನ ಮದುವೆ ನಡೆಯಿತು ಎನ್ನುವುದಕ್ಕೆ ಸಾಕ್ಷಿ ನನ್ನ ಅಂಗಡಿಯಲ್ಲಿರುವುದು ಒಂದೇ.

ಇಂಥ ಸಾಕ್ಷಿಗಳನ್ನು ಸಾಧಾರಣ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ನನಗೆ ಜ್ಞಾನೋದಯವಾದದ್ದು ಬೆಂಗಳೂರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬನ ಮಳಿಗೆಯಲ್ಲಿ. ಯಾವುದೋ ದೊಡ್ಡ ಕಂಪನಿ ಬಳಸಿ ಬಿಟ್ಟ ಸರ್ವರು ಅಲ್ಲಿತ್ತು. ಮಂಚದ ಕೆಳಗೆ ತಳ್ಳುವ ಟ್ರಂಕಿನ ಹಾಗೆ ಉದ್ದನೆಯ, ಚಪ್ಪಟೆಯ, ಉಕ್ಕಿನ ಪೆಟ್ಟಿಗೆ. ಮುಂಭಾಗದಲ್ಲಿ ನಾಲ್ಕು ಡಿಸ್ಕುಗಳು ಸಾಲಾಗಿ ಕೂತಿದ್ದವು. "ಇದ್ರಲ್ಲಿ ಒಂದ್ ಡಿಸ್ಕ್ ಸತ್ತೋದ್ರೂ ಉಳಿದ ಮೂರು ಎಲ್ಲಾನೂ ಕಾಯ್ತವೆ ಸಾ" ಎಂದ ವ್ಯಾಪಾರಿ. ಅಷ್ಟು ಹೇಳಿ ಸ್ವಿಚ್ಚು ಒತ್ತಿದ. ನಾನು ಮನಸೋತದ್ದು ಆಗ. ಹುಲ್ಲಹಳ್ಳಿಯ ರೈಸ್ ಮಿಲ್ಲು ನೆನಪಾಗುವಂಥ ಸದ್ದು. ಇಷ್ಟು ಸದ್ದು ಮಾಡುವ ವಸ್ತು ಮೋಸ ಮಾಡಲಾರದು ಎಂದು ಅಲ್ಲಿಯೇ ತೀರ್ಮಾನಿಸಿದೆ.

ಆ ದಿನ ನನ್ನ ಜೊತೆ ಬಂದಿದ್ದವನು ನನ್ನ ಷಡ್ಡಕ ಮಾದೇಶಣ್ಣ. ಭಾಗ್ಯಳ ಅಕ್ಕ ಗೌರಮ್ಮನ ಗಂಡ. ತಿ. ನರಸೀಪುರದಲ್ಲಿ ಅವನದೂ ಮಿಕ್ಸಿಂಗ್ ಅಂಗಡಿಯೇ, ಮನೆಯ ಮುಂದಿನ ಕೋಣೆಯಲ್ಲಿ. ಷಡ್ಡಕ ಎನ್ನುವುದು ವಿಚಿತ್ರವಾದ ನಂಟು. ರಕ್ತಸಂಬಂಧವಿಲ್ಲ, ನಾವಾಗಿ ಆರಿಸಿಕೊಂಡ ಗೆಳೆತನವೂ ಅಲ್ಲ. ಒಬ್ಬನೇ ಮಾವ ಇಬ್ಬರನ್ನೂ ಒಪ್ಪಿದ ಎಂಬ ಒಂದೇ ಕಾರಣಕ್ಕೆ ಜೀವಮಾನವೆಲ್ಲ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ಅಳೆಯುತ್ತಿರಬೇಕು. ನಾನು ಮಾತಿನ ಮನುಷ್ಯ, ಅವನು ಮೌನಿ. ನಾನು ಹೃದಯ ತೇಲಿಸುತ್ತೇನೆ, ಅವನು ಧಾರೆ ಎಂದರೆ ಧಾರೆ, ಊಟ ಎಂದರೆ ಊಟ ಎಂದು ಇದ್ದುದನ್ನು ಇದ್ದ ಹಾಗೆ ಜೋಡಿಸಿ ಕೊಡುತ್ತಾನೆ. ನಮ್ಮೂರನ್ನು ದಾಟಿದ ಕಪಿಲೆ ಅವನ ಊರಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳಲ್ಲ, ಅದನ್ನೇ ಇಟ್ಟುಕೊಂಡು ಅವನು ಯಾವಾಗಲಾದರೂ ಒಮ್ಮೆ "ನಿಮ್ಮೂರ್ ಕೊಳೆಯೆಲ್ಲ ನಮ್ಮೂರ್‌ಗೇ ಬರೋದು ಕಣಪ್ಪ" ಎನ್ನುತ್ತಾನೆ. ಅವನು ಆಡುವ ದೊಡ್ಡ ತಮಾಷೆ ಅದು.

ನಾನು ಸರ್ವರು ಕೊಂಡದ್ದನ್ನು ನೋಡಿ ಅವನೂ ಅದರ ಜೋಡಿಯನ್ನೇ ಕೊಂಡ. ಆದರೆ ಅವನ ಪೆಟ್ಟಿಗೆಯ ಪವರ್ ಸಪ್ಲೈ ಮೊದಲ ಮಳೆಗಾಲದ ಸಿಡಿಲಿಗೇ ಸುಟ್ಟುಹೋಯಿತು. ಸರಿಮಾಡಿಸುವ ಗೋಜಿಗೆ ಅವನು ಹೋಗಲಿಲ್ಲ, ಸದ್ದು ನಿಂತದ್ದೇ ಪುಣ್ಯ ಎಂದು ಗೌರಮ್ಮ ಅತ್ತಿಗೆ ಹೋಗಗೊಡಲೂ ಇಲ್ಲ. ಪೆಟ್ಟಿಗೆಯನ್ನು ದೇವರ ಕೋಣೆಯ ಮುಂದೆ ಇಟ್ಟು, ಅದರ ಮೇಲೆ ಹೂವಿನ ಬುಟ್ಟಿ, ಎಣ್ಣೆ ಬಾಟಲಿ, ಊದುಬತ್ತಿ ಜೋಡಿಸಿಕೊಂಡರು. ನಾನು ಹೋದಾಗಲೆಲ್ಲ ಅದನ್ನು ನೋಡಿ, "ನನ್ನದು ಮಾತ್ರ ನೋಡಣ್ಣ, ಹೆಂಗೆ ಓಡ್ತಾ ಇದೆ" ಎಂದು ಒಂದು ಸಲವಾದರೂ ಹೇಳದೆ ಬಂದವನಲ್ಲ.

ಹೀಗಿರುವಾಗ ಮಾದೇಶಣ್ಣನ ಒಬ್ಬಳೇ ಮಗಳು ಚೈತ್ರಳ ಮದುವೆ ಬಂತು. ಗಂಡು ಹುಲ್ಲಹಳ್ಳಿಯವನು, ಭತ್ತ, ಕಬ್ಬು ಬೆಳೆಯುವ ಅನುಕೂಲಸ್ಥರ ಮನೆ. ಚೈತ್ರ ನನ್ನ ಮೊಣಕಾಲಿನಷ್ಟಿದ್ದಾಗಿನಿಂದ "ಚಿಕ್ಕಪ್ಪ, ಚಿಕ್ಕಪ್ಪ" ಎಂದು ಅಂಗಡಿಗೆ ಬಂದು ಮೌಸು ಕಿತ್ತು ಹಾಕಿದವಳು. ಆರತಕ್ಷತೆಯ ದಿನ ನಾನು ವಾದ್ಯಗೋಷ್ಠಿಯವನ ಮೈಕು ಇಸಿದುಕೊಂಡು, ಮದುವೆಯ ವಿಡಿಯೋ ಪೂರ್ತಿ ಚಿಕ್ಕಪ್ಪನ ಗಿಫ್ಟು, ಮುಂದಿನ ಭಾನುವಾರದ ಬೀಗರೂಟದಲ್ಲಿ ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡತಕ್ಕದ್ದು ಎಂದು ಘೋಷಿಸಿಬಿಟ್ಟೆ. ಚಪ್ಪಾಳೆ ಬಿತ್ತು. ಮಾದೇಶಣ್ಣ ಮಾತ್ರ ಒಂದು ಕ್ಷಣ ನನ್ನನ್ನು ನೋಡಿ, ಮೆಲ್ಲಗೆ ತಲೆಯಾಡಿಸಿ, ಅಡುಗೆಯವರ ಕಡೆ ಹೋದ. ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡೆ.

ಮದುವೆ ಮುಗಿದ ಸಂಜೆಯೇ ಕ್ಯಾಮೆರಾದವರು ಕಾರ್ಡು ಖಾಲಿ ಮಾಡಿಕೊಂಡು ಹೋದರು. ಎರಡು ದಿನ ಕಳೆದು ನಾನು ಕೆಲಸಕ್ಕೆ ಕೂತರೆ, ಸರ್ವರಿನ ನಾಲ್ಕೂ ಡಿಸ್ಕುಗಳ ದೀಪ ಹಳದಿಗೆ ತಿರುಗಿ, ಪರದೆಯ ಮೇಲಿನಿಂದ ಎಲ್ಲವೂ ಮಾಯವಾಗಿತ್ತು. ಚೈತ್ರಳ ಮದುವೆ ಇಲ್ಲ. ಅದರ ಜೊತೆಗಿದ್ದ ಎರಡು ನಾಮಕರಣವೂ ಇಲ್ಲ. ಗಾಬರಿಯಲ್ಲಿ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಗುದ್ದಿದೆ. ದೀಪ ಹಸಿರಾಯಿತು. ಮದುವೆ ಬಂತು. ಕೈ ತೆಗೆದೆ, ಹೋಯಿತು. ಒತ್ತಿದೆ, ಬಂತು. ಸರಿ, ರೋಗ ಸಿಕ್ಕಿತು ಎಂದು ಮನೆಯಿಂದ ರುಬ್ಬುವ ಗುಂಡನ್ನು ಹೊತ್ತು ತಂದು ಅದರ ಮೇಲೆ ಕೂರಿಸಿದೆ. ಅಷ್ಟರಲ್ಲಿ ಒಳಗೆ ಬಂದ ಗಿರಾಕಿಯೊಬ್ಬರು "ಇದೇನು ಸಾ, ಗುಂಡುಕಲ್ಲು?" ಎಂದು ಕೇಳಿದರು. ಕೂಲಿಂಗಿಗೆ ಎಂದೆ. ಅವರು ತಲೆದೂಗಿ ಹೋದರು.

ಗುಂಡುಕಲ್ಲಿನ ಚಿಕಿತ್ಸೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮದುವೆ ಕಾಣಿಸಿಕೊಳ್ಳುತ್ತಿತ್ತು, ಬೇರೆಡೆಗೆ ಕಾಪಿ ಹಾಕಿದೊಡನೆ ಕೂದಲೆಳೆಯಷ್ಟು ಮುಂದೆ ಹೋಗಿ ಮತ್ತೆ ಮಾಯವಾಗುತ್ತಿತ್ತು. ಬೆಂಗಳೂರಿನ ವ್ಯಾಪಾರಿಗೆ ಫೋನು ಮಾಡಿ ಕಂಪನಿ, ವ್ಯಾಪಾರ, ಮನುಷ್ಯನ ನಂಬಿಕೆ ಎಲ್ಲದರ ಮೇಲೂ ಕೂಗಾಡಿದೆ. ಅವನು ಸಮಾಧಾನವಾಗಿ ಕೇಳಿಸಿಕೊಂಡು, "ನಾಲ್ಕೂ ಒಟ್ಟಿಗೆ ಹೋಗಿ ಒಟ್ಟಿಗೆ ಬರ್ತಾವೆ ಅಂದ್ರೆ ಡಿಸ್ಕ್ ಅಲ್ಲ ಸಾ, ಕೇಬಲ್ಲು. ಮುಚ್ಚಳ ತೆಗೆದು ನೋಡಿ" ಎಂದ. ತೆಗೆದು ನೋಡಿದೆ. ಮುಂದಿರುವ ಡಿಸ್ಕುಗಳಿಗೂ ಹಿಂದಿರುವ, ಅವುಗಳ ಲೆಕ್ಕ ನೋಡಿಕೊಳ್ಳುವ ಕಾರ್ಡಿಗೂ ನಡುವೆ ಪಟ್ಟಿಯಂಥ ಒಂದೇ ಒಂದು ಕೇಬಲ್ಲು. ಬಿಸಿಗೆ ಬೆಂದು, ಮಡಚಿದ ಜಾಗದಲ್ಲಿ ಅದರ ಸಿಪ್ಪೆ ಬಿರುಕು ಬಿಟ್ಟಿತ್ತು. ಒಂದು ಡಿಸ್ಕು ಸತ್ತರೆ ಮೂರು ಕಾಯುತ್ತವೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ನಾಲ್ಕಕ್ಕೂ ದಾರಿ ಒಂದೇ ಎನ್ನುವುದನ್ನು ಯಾರೂ ನನಗೆ ಹೇಳಿರಲಿಲ್ಲ. ನಾಲ್ಕು ಜನ ಗಂಡುಮಕ್ಕಳನ್ನು ಹೆತ್ತು, ನಾಲ್ವರನ್ನೂ ಒಂದೇ ಬೈಕಿನ ಮೇಲೆ ಕೂರಿಸಿ ಕಳಿಸಿದ ಹಾಗೆ.

ಆ ನಮೂನೆಯ ಕೇಬಲ್ಲು ಮೈಸೂರಿನಲ್ಲಿ ಎಲ್ಲಿಯೂ ಸಿಗಲಿಲ್ಲ. ಬೆಂಗಳೂರಿನವನು ಹೊರಗಿನಿಂದ ತರಿಸಿ ಕೊಡುತ್ತೇನೆ, ವಾರದ ಮೇಲಾಗುತ್ತದೆ ಎಂದ. ಹಾಗಾದರೆ ನನಗೆ ತಿಳಿದ ಮಟ್ಟಿಗೆ ಈ ಸೀಮೆಯಲ್ಲಿ ಅಂಥ ಇನ್ನೊಂದು ಕೇಬಲ್ಲು ಇದ್ದದ್ದು ಒಂದೇ ಕಡೆ, ತಿ. ನರಸೀಪುರದ ದೇವರ ಕೋಣೆಯ ಮುಂದೆ, ಹೂವಿನ ಬುಟ್ಟಿಯ ಕೆಳಗೆ. ಮಗಳ ಮದುವೆಯನ್ನು ಕಳೆದುಕೊಂಡ ವಿಷಯ ಅಪ್ಪನಿಗೆ ತಿಳಿಯದಂತೆ, ಅದೇ ಅಪ್ಪನ ಮನೆಯಿಂದ ಕೇಬಲ್ಲು ತಂದು, ಆ ಮದುವೆಯನ್ನು ಹುಡುಕಿ ತೆಗೆಯಬೇಕು. ಬೇರೆಯವರಿಗೆ ಹೀಗಾಗಿದ್ದರೆ ನಕ್ಕುಬಿಡುತ್ತಿದ್ದೆ. ಮಾರನೆಯ ಬೆಳಗ್ಗೆ ಭಾಗ್ಯಳನ್ನು ಕೂರಿಸಿಕೊಂಡು, "ನಿಮ್ಮಕ್ಕನಿಗೆ ಈ ವಿಷಯ ಒಂದಕ್ಷರ ಹೇಳಕೂಡದು" ಎಂದು ಆಣೆ ಹಾಕಿಸಿಕೊಂಡೆ. ಅವಳು "ನಾನ್ಯಾಕ್ರೀ ಹೇಳಲಿ" ಎಂದಳು. ಅಷ್ಟರಲ್ಲಿ ಮಾದೇಶಣ್ಣನ ಫೋನು ಬಂತು. ಮದುವೆಯ ಮರುದಿನದಿಂದ ದಿನಾ ಬೆಳಗ್ಗೆ ಫೋನು ಮಾಡುತ್ತಿದ್ದ. "ನಂಜುಂಡ, ಎಲ್ಲಿಗ್ ಬಂತಪ್ಪ?" ಎನ್ನುವುದು, ನಾನು "ಬರ್ತಾ ಇದೆ ಅಣ್ಣ" ಎನ್ನುವುದು, ಇಡುವುದು. ನನ್ನ ಕೆಲಸದ ಮೇಲೆ ಇವನಿಗೆ ಇಷ್ಟೂ ನಂಬಿಕೆಯಿಲ್ಲವಲ್ಲ ಎಂದು ಸಿಟ್ಟು ಬಂದರೂ, ಆ ದಿನ ಸಿಟ್ಟು ಮಾಡಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಶುಕ್ರವಾರ ಬೆಳಗ್ಗೆ ಒಂದು ಚಿಪ್ಪು ರಸಬಾಳೆ ಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕತೆ ಕಟ್ಟಿಕೊಂಡೆ. ಬಾಗಿಲಲ್ಲೇ ನಿಂತಿದ್ದ ಅತ್ತಿಗೆ ಹಣ್ಣು ಇಸಿದುಕೊಂಡು ದೇವರ ಮುಂದಿಟ್ಟರು. ಮಾದೇಶಣ್ಣ ಕಾಫಿ ತರಿಸಿದ. ನಾನು ಶುರುಮಾಡಿದೆ. ನನ್ನ ಸರ್ವರು ಬಲು ಚೆನ್ನಾಗಿ ಓಡುತ್ತಿದೆ, ಆದರೆ ಇನ್ನೂ ಚೆನ್ನಾಗಿ ಓಡುತ್ತದೆಯೋ ಎಂದು ಒಂದು ಸಣ್ಣ ಚೆಕಿಂಗು ಮಾಡಬೇಕಾಗಿದೆ, ಅದಕ್ಕೆ ನಿನ್ನ ಕೇಬಲ್ಲು ಎರಡು ದಿನದ ಮಟ್ಟಿಗೆ ಸಿಕ್ಕರೆ, ಹೇಗೂ ನಿನ್ನದು ಸುಮ್ಮನೆ ಬಿದ್ದಿದೆಯಲ್ಲ, ಹೀಗೆಲ್ಲ ಹೇಳಿದೆ. ನಡುವೆ ನಾಲ್ಕಾರು ಇಂಗ್ಲಿಷ್ ಮಾತನ್ನೂ ಸೇರಿಸಿದೆ. ಅವನು ಲೋಟದ ಕಾಫಿ ಪೂರ್ತಿ ಕುಡಿಯುವ ತನಕ ಸುಮ್ಮನೆ ಕೇಳಿದ. ಆಮೇಲೆ ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದ.

"ನಂಜುಂಡ, ದಾರೆ ಅದೆಯೋ ಇಲ್ವೋ? ಅದೊಂದ್ ಏಳ್ಬುಡು."

ನನ್ನ ಬಾಯಲ್ಲಿದ್ದ ಮುಂದಿನ ಸುಳ್ಳು ಅಲ್ಲೇ ನಿಂತಿತು. ಅವನಿಗೆ ಎಲ್ಲವೂ ಗೊತ್ತಿತ್ತು. ಗುಂಡುಕಲ್ಲಿನವರೆಗೂ ಗೊತ್ತಿತ್ತು. ಭಾಗ್ಯ ಆಣೆ ಇಟ್ಟದ್ದು ಬೆಳಗ್ಗೆಯಾದರೆ, ಹಿಂದಿನ ರಾತ್ರಿಯೇ ಅಕ್ಕನಿಗೆ ಎಲ್ಲ ಹೇಳಿ ಮುಗಿಸಿದ್ದಳಂತೆ, ಹಾಗಾಗಿ ಆಣೆಗೇನೂ ಭಂಗ ಬಂದಿರಲಿಲ್ಲ. "ಇರಬೇಕು ಅಣ್ಣ. ಕೇಬಲ್ಲು ಹಾಕಿದರೆ ಗೊತ್ತಾಗುತ್ತೆ" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಅವನು ಬೀದಿಯ ಕಡೆ ನೋಡುತ್ತಾ, "ನಾನು ಆಗ ಮಗೀನ್ ಮುಖಾನೇ ನೋಡ್ಲಿಲ್ಲ ಕಣಪ್ಪ. ದಾರೆ ಎರೀವಾಗ ಕೈ ನಡುಗ್ತಿತ್ತು, ಚೊಂಬಿನ್ ಮ್ಯಾಲೇ ಕಣ್ಣು. ತಲೆ ಎತ್ತೋದ್ರಾಗೆ ಮುಗುದೋಗಿತ್ತು. ವಿಡಿಯೋದಲ್ಲಿ ನೋಡ್ಕಂಡ್ರಾಯ್ತು ಅಂತ ಸುಮ್ಕಾದೆ" ಎಂದ. ದಿನಾ ಬೆಳಗಿನ ಫೋನು ಯಾತಕ್ಕೆ ಬರುತ್ತಿತ್ತು ಎಂದು ನನಗೆ ಆಗ ತಿಳಿಯಿತು.

ತಡಮಾಡದೆ ಎದ್ದು ಸ್ಕ್ರೂ ಡ್ರೈವರು ಹಿಡಿದು ಪೆಟ್ಟಿಗೆಯ ಹತ್ತಿರ ಹೋದೆ. ಅತ್ತಿಗೆ ಅಡ್ಡ ಬಂದು ನಿಂತರು. "ಇವತ್ತು ಸುಕ್ರಾರ. ದ್ಯಾವ್ರು ಮುಂದ್ಲ ಸಾಮಾನೂ ಕಬ್ಬಿಣಾನೂ ಮನೆಯಿಂದ ಆಚೆಗೆ ಕೊಡಾಕಿಲ್ಲ" ಎಂದರು. ಅತ್ತಿಗೆ, ಇದು ಸಾಮಾನಲ್ಲ, ಬರೀ ಒಂದು ಕೇಬಲ್ಲು ಎಂದೆ. ಅದರ ಎರಡು ತುದಿಯಲ್ಲೂ ಕಬ್ಬಿಣದ ಕೊಂಡಿ ಇದೆಯಲ್ಲ ಎಂದರು. ಸರ್ವರಿನ ಒಳಗಿನ ಕೊಂಡಿಯ ವಿಷಯ ಇವರಿಗೆ ಹೇಗೆ ಗೊತ್ತಾಯಿತೆಂದು ಯೋಚಿಸುವಷ್ಟು ಬುದ್ಧಿ ಆಗ ನನಗಿರಲಿಲ್ಲ. ಹಾಗಾದರೆ ನಾಳೆ ಎಂದೆ. ನಾಳೆ ಶನಿವಾರ, ಕಬ್ಬಿಣ ಕೊಡುವುದೂ ಇಲ್ಲ, ತರುವುದೂ ಇಲ್ಲ ಎಂದರು. ಮಾದೇಶಣ್ಣನ ಕಡೆ ನೋಡಿದೆ. ಅವನು ಮನೆಯ ಕಾನೂನಿನಲ್ಲಿ ಕೈಹಾಕುವವನಲ್ಲ. ಭಾನುವಾರ ಮಧ್ಯಾಹ್ನ ಹುಲ್ಲಹಳ್ಳಿಯಲ್ಲಿ ಊರೆಲ್ಲ ಪರದೆಯ ಮುಂದೆ ಕೂತಿರುತ್ತದೆ ಎಂದು ನೆನೆದು ನನಗೆ ಬೆವರು ಕಿತ್ತುಕೊಂಡಿತು. ಆಗ ಅತ್ತಿಗೆಯೇ ದಾರಿ ತೋರಿಸಿದರು. "ಆಚೆಗೆ ಓಗಬಾರ್ದು ಅಷ್ಟೇಯ. ಒಳೀಕೆ ಬರಾಕೆ ಏನಡ್ಡಿ? ಸುಕ್ರಾರ ಮನೆಗೆ ಬಂದಿದ್ದು ಒಳ್ಳೇದೇ. ನಿಮ್ ಪೆಟ್ಟಿಗೇನೇ ತರಿಸ್ರಿ."

ಭಾಗ್ಯಳಿಗೆ ಫೋನು ಮಾಡಿದೆ. ಸರ್ವರು ಬಿಚ್ಚುವುದು ಹೇಗೆ, ಯಾವ ತಂತಿ ಮೊದಲು, ಹಿಡಿಯುವುದು ಎಲ್ಲಿ ಎಂದೆಲ್ಲ ವಿವರಿಸಲು ಶುರುಮಾಡುವಷ್ಟರಲ್ಲಿ ಅವಳು "ಲಗೇಜ್ ಆಟೋ ಹತ್ತಿದೀನಿ, ಬತ್ತೀನಿ ಇಡ್ರೀ" ಎಂದಳು. ಮಧ್ಯಾಹ್ನದ ಊಟಕ್ಕೆ ಮೊದಲೇ ಬಂದಳು. ನಮ್ಮ ಸರ್ವರನ್ನು ಹಳೇ ರಜಾಯಿಯಲ್ಲಿ ಸುತ್ತಿ, ಬಾಣಂತಿಯನ್ನು ಕರೆತರುವ ಹಾಗೆ ಜೋಪಾನವಾಗಿ ತಂದಿದ್ದಳು. ಜೊತೆಗೆ ಒಂದು ಚೀಲದಲ್ಲಿ ನನಗೆ ಎರಡು ದಿನಕ್ಕಾಗುವಷ್ಟು ಬಟ್ಟೆ, ನನ್ನ ಬ್ರಷ್ಷು, ನನ್ನ ಬಿ.ಪಿ. ಮಾತ್ರೆ. ಎಷ್ಟು ಮುಂದಾಲೋಚನೆಯ ಹೆಂಗಸು ಎಂದು ನನಗೆ ಹೆಮ್ಮೆಯೇ ಆಯಿತು.

ಅತ್ತಿಗೆ ಹೂವಿನ ಬುಟ್ಟಿ ಇಳಿಸಿ, ತಮ್ಮ ಪೆಟ್ಟಿಗೆಗೆ ಕೈಮುಗಿದು, ಬಿಚ್ಚಲು ಅಪ್ಪಣೆ ಕೊಟ್ಟರು. ಕೊಂಡಿಯನ್ನು ಒತ್ತಿ ಹಿಡಿದುಕೊಂಡು ಎಳೆಯಬೇಕು. ನಾನು ಸುಮ್ಮನೆ ಎಳೆದೆ, ಬರಲಿಲ್ಲ. ಕೂಗಾಡಿದೆ, ಬರಲಿಲ್ಲ. ಮಾದೇಶಣ್ಣ ನನ್ನನ್ನು ಪಕ್ಕಕ್ಕೆ ಸರಿಸಿ, ಎರಡು ಬೆರಳಲ್ಲಿ ಹಿಡಿದು ಬಿಡಿಸಿಕೊಂಡ. ಕೇಬಲ್ಲಿನ ಮೇಲೆ ಊದುಬತ್ತಿಯ ಬೂದಿ ಬಿಟ್ಟರೆ ಒಂದು ಗೀರೂ ಇರಲಿಲ್ಲ. ಬಟ್ಟೆಯಲ್ಲಿ ಒರೆಸಿ ನಮ್ಮದಕ್ಕೆ ಹಾಕಿದೆವು. ಟಕ್ಕೆಂದು ಕೂತಿತು. ಸ್ವಿಚ್ಚು ಒತ್ತಿದರೆ ಇಡೀ ಮನೆ ರೈಸ್ ಮಿಲ್ಲಾಯಿತು, ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿ ಹೋದರು. ನಾಲ್ಕೂ ದೀಪ ಹಸಿರಾಗಿ ನಿಂತವು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಹಳೆಯ ಡಿಸ್ಕುಗಳು ಸಿಕ್ಕಿವೆ, ಅವನ್ನು ಇದ್ದ ಹಾಗೆ ಸೇರಿಸಿಕೊಳ್ಳಲೋ, ಅಳಿಸಿ ಹೊಸದಾಗಿ ಶುರುಮಾಡಲೋ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಎರಡಕ್ಕೂ ಒಂದೊಂದು ಗುಂಡಿ, ಅವೂ ಪಕ್ಕಪಕ್ಕದಲ್ಲೇ. ಒಂದು ಒತ್ತಿದರೆ ಮದುವೆ, ಇನ್ನೊಂದು ಒತ್ತಿದರೆ ಏನೂ ಇಲ್ಲ. ಬೆಂಗಳೂರಿನವನಿಗೆ ಫೋನು ಮಾಡಿ ಯಾವ ಗುಂಡಿಯೆಂದು ಕೇಳಿಕೊಂಡೆ, ಮತ್ತೊಮ್ಮೆ ಮಾಡಿ ಅದೇ ಗುಂಡಿಯೇ ಹೌದೇ ಎಂದು ಕೇಳಿಕೊಂಡೆ. ಆದರೂ ಬೆರಳು ಮುಂದೆ ಹೋಗಲೊಲ್ಲದು. "ನೀನೇ ಒತ್ತಣ್ಣ" ಎಂದೆ. "ನಿನ್ ಮಿಸೀನು, ನೀನೇ ಒತ್ತು" ಎಂದ. "ನಿನ್ನ ಮಗಳ ಮದುವೆ" ಎಂದೆ. "ನಿನ್ ಗಿಫ್ಟು" ಎಂದ. ಇಷ್ಟು ವರ್ಷದಲ್ಲಿ ಒಬ್ಬರಿಗೊಬ್ಬರು ಇಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಕೊನೆಗೆ ಅವನು ಕನ್ನಡಕ ಹಾಕಿಕೊಂಡು, ಗುಂಡಿಯ ಮೇಲಿನ ಅಕ್ಷರ ಎರಡು ಸಲ ಓದಿ, ಒತ್ತಿದ. ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಸಾಲಾಗಿ ಒಂದೊಂದೇ ಹೆಸರು ಮೇಲೆದ್ದು ಬಂದವು. ಅವುಗಳ ನಡುವೆ ಚೈತ್ರ ಎಂಬ ಹೆಸರೂ ಇತ್ತು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ದೇವರ ಮುಂದಿಟ್ಟಿದ್ದ ನನ್ನದೇ ರಸಬಾಳೆಹಣ್ಣು ತಂದು ನನಗೇ ಕೊಟ್ಟರು.

ಎಲ್ಲವನ್ನೂ ಮಾದೇಶಣ್ಣನ ಕಂಪ್ಯೂಟರಿಗೂ ಒಂದು ಕಾಪಿ ಇಳಿಸಲು ಹಾಕಿ ನಾವು ಜಗಲಿಯಲ್ಲಿ ಕೂತಿದ್ದೆವು. ಅತ್ತಿಗೆ ದೀಪ ಹಚ್ಚಿದರು. ಹಚ್ಚಿದ ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಬಂದು ತುರಿಮಣೆ ಕೇಳಿದರು. ಅತ್ತಿಗೆ ಒಳಗಿಂದ ತುರಿಮಣೆ ತಂದು ನಗುನಗುತ್ತಾ ಕೊಟ್ಟು ಕಳಿಸಿದರು. ಶುಕ್ರವಾರ, ದೀಪ ಹಚ್ಚಿದ ಮೇಲೆ, ಮಾರುದ್ದದ ಕಬ್ಬಿಣದ ನಾಲಿಗೆಯಿರುವ ತುರಿಮಣೆ. ನಾನು ಭಾಗ್ಯಳ ಮುಖ ನೋಡಿದೆ. ಅವಳು ಜಗಲಿಯ ಸೂರು ನೋಡುತ್ತಿದ್ದಳು. ಆಮೇಲೆ ಹಿತ್ತಲಿಗೆ ಕರೆದು ಕೇಳಿದಾಗ ಬಾಯಿಬಿಟ್ಟಳು. "ಭಾವ ಮಗಳ ವಿಡಿಯೋ ತಾವೇ ಕೂತು ಮಾಡ್ಬೇಕು ಅಂತ ಮೊದಲಿಂದ ಅಂದ್ಕೊಂಡಿದ್ರು ಕಣ್ರೀ. ನೀವು ಮೈಕ್ ಹಿಡ್ಕೊಂಡು ಗಿಫ್ಟು ಗಿಫ್ಟು ಅಂತ ಕೂಗಿಬಿಟ್ರಿ. ಅವ್ರು ಬಾಯಿಬಿಟ್ಟು ಕೇಳೋ ಜಾತಿ ಅಲ್ಲ. ನೀವು ಬಿಟ್ಟುಕೊಡೋ ಜಾತಿ ಅಲ್ಲ. ನಾನೂ ಅಕ್ಕನೂ ಇನ್ನೇನು ಮಾಡೋದು? ನಿಮ್ಮನ್ನ ಭಾವನ ಪಕ್ಕ ಕೂರಿಸೋಕೆ ಒಂದು ಶುಕ್ರವಾರ ಸಾಲದು ಅಂತ ಶನಿವಾರಾನೂ ಸೇರಿಸಿದ್ವಿ." ಕೊಂಡಿಯ ವಿಷಯ ಅತ್ತಿಗೆಗೆ ಹೇಗೆ ಗೊತ್ತಾಯಿತು ಎನ್ನುವುದೂ ಅಲ್ಲಿಗೆ ಬಗೆಹರಿಯಿತು.

ಕೋಪ ಬರಬೇಕಾಗಿತ್ತು, ಬರಲಿಲ್ಲ. ಮೈಕು ಹಿಡಿದಾಗ ಮಾದೇಶಣ್ಣ ನನ್ನನ್ನು ನೋಡಿದ ಆ ನೋಟ ನೆನಪಾಗಿ ಸಂಕಟವಾಯಿತು. ಮಾರನೆಯ ಬೆಳಗ್ಗೆ ನಾನಾಗಿಯೇ, "ಅಣ್ಣ, ಮೌಸು ನೀನು ಹಿಡಿ. ನಾನು ಪಕ್ಕದಲ್ಲಿ ಕೂತಿರ್ತೀನಿ" ಎಂದೆ. ಅವನು ಕುರ್ಚಿ ಎಳೆದುಕೊಂಡ. ಹೃದಯ ಬೇಡ, ಗುಲಾಬಿ ದಳ ಬೇಡ ಎಂದ. ದಳ ಒಂದಿಷ್ಟಿರಲಿ ಎಂದು ನಾನು ಚೌಕಾಸಿ ಮಾಡಿದೆ. ಚಪ್ಪರ, ವರಪೂಜೆ, ಆರತಕ್ಷತೆ ಎಲ್ಲ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಧಾರೆಗೆ ಬಂದೆವು. ಅಡುಗೆಮನೆಯಿಂದ ಅಕ್ಕತಂಗಿಯರೂ ಬಂದು ಬಾಗಿಲಲ್ಲಿ ನಿಂತರು.

ಮೊದಲ ಕ್ಯಾಮೆರಾದ ಚಿತ್ರ ಹಾಕಿದ. ಮಂಟಪ ಬಂತು, ಪುರೋಹಿತರು ಬಂದರು, ಅತ್ತಿಗೆಯ ಕೈಯಲ್ಲಿ ಹಾಲಿನ ತಂಬಿಗೆ ಬಂತು. ಮಾದೇಶಣ್ಣ ಚೊಂಬು ಎತ್ತಿದ. ಅದೇ ಕ್ಷಣಕ್ಕೆ ಪರದೆಯ ತುಂಬ ಹಳದಿ ರೇಷ್ಮೆ ಶರ್ಟಿನ ಒಂದು ಬೆನ್ನು ಬಂದು ನಿಂತಿತು. ಅಗಲವಾದ, ಬೆವತ, ಯಾವ ಕಡೆಗೂ ಜರುಗದ ಬೆನ್ನು. ಮದುಮಗಳಿಲ್ಲ, ಮದುಮಗನಿಲ್ಲ, ಧಾರೆಯಿಲ್ಲ. ಗಟ್ಟಿಮೇಳವನ್ನೂ ಮೀರಿಸಿ ಒಂದು ದನಿ ಮಾತ್ರ ಕೇಳುತ್ತಿತ್ತು. "ಯಾರೀ ಅದು, ಕ್ಯಾಮ್ರಾಗೆ ಅಡ್ಡ ನಿಂತ್ಕೋಬೇಡಿ ಅಂದ್ರೆ ಅರ್ಥ ಆಗಲ್ವಾ? ಪಕ್ಕಕ್ಕೆ ಬನ್ನಿ, ಪಕ್ಕಕ್ಕೆ ಬನ್ನಿ. ಕ್ಲಿಯರ್ ಬರಬೇಕು ಇದು." ದನಿಯೂ ನನ್ನದೇ, ಬೆನ್ನೂ ನನ್ನದೇ. ಗಟ್ಟಿಮೇಳ ನಿಲ್ಲುವ ತನಕ ಎರಡೂ ಅಲ್ಲಿಯೇ ಇದ್ದವು.

ಗುಂಡುಕಲ್ಲನ್ನು ಇನ್ನೊಮ್ಮೆ ಸರ್ವರಿನ ಮೇಲಲ್ಲ, ನನ್ನ ತಲೆಯ ಮೇಲೆ ಇಟ್ಟುಕೊಳ್ಳಬೇಕು ಎನ್ನಿಸಿತು. ಇಷ್ಟೆಲ್ಲ ಪಾಡುಪಟ್ಟು ಕೇಬಲ್ಲು ಹಾಕಿ ತೆಗೆದದ್ದು ನನ್ನ ಬೆನ್ನನ್ನೇ? "ಅಣ್ಣ" ಎಂದು ಏನೋ ಹೇಳಹೊರಟೆ. ಅವನು ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿ, ಎರಡನೆಯ ಕ್ಯಾಮೆರಾದ ಚಿತ್ರ ಹುಡುಕಿದ. ಅದನ್ನು ಮಂಟಪದ ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದರವನು ತಿಂಡಿಗೆ ಹೋಗಿಬಿಟ್ಟಿದ್ದ. ಅಲ್ಲಾಡದೆ, ಯಾರ ಅಪ್ಪಣೆಯನ್ನೂ ಕೇಳದೆ, ಅದು ತನ್ನ ಪಾಡಿಗೆ ತೆಗೆಯುತ್ತಾ ನಿಂತಿತ್ತು.

ಅದರಲ್ಲಿ ಚೈತ್ರಳ ಮುಖ ಪೂರ್ತಿ ಇತ್ತು. ಅಪ್ಪ ತಲೆ ಬಗ್ಗಿಸಿ, ನಡುಗುವ ಕೈಯಲ್ಲಿ ಧಾರೆ ಎರೆಯುತ್ತಿದ್ದಾನೆ. ಪಕ್ಕದಲ್ಲಿ ಗಂಡ ನಿಂತಿದ್ದಾನೆ, ಎದುರಿಗೆ ಊರೇ ನಿಂತಿದೆ. ಆ ಹುಡುಗಿ ಅವರಾರನ್ನೂ ನೋಡುತ್ತಿಲ್ಲ. ಶುರುವಿನಿಂದ ಕೊನೆಯ ಹನಿಯ ತನಕ ಅಪ್ಪನ ಬಗ್ಗಿದ ತಲೆಯನ್ನೇ ನೋಡುತ್ತಿದ್ದಾಳೆ. ತುಟಿ ಬಿಗಿಹಿಡಿದಿದ್ದಾಳೆ. ಕೈ ನಡುಗಿ ನೀರು ಪಕ್ಕಕ್ಕೆ ಚೆಲ್ಲಿದಾಗ, ಯಾರಿಗೂ ಕಾಣದ ಹಾಗೆ ತನ್ನ ಬೊಗಸೆಯನ್ನು ಸ್ವಲ್ಪ ಆಚೆ ಸರಿಸಿ ಹಿಡಿದುಕೊಳ್ಳುತ್ತಾಳೆ. ಮಾದೇಶಣ್ಣ ಅದನ್ನು ಒಂದು ಸಲ ನೋಡಿದ. ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನಾನು ಅವನ ಭುಜದ ಮೇಲೆ ಕೈಯಿಟ್ಟೆ. ಸರ್ವರು ಒಂದೇ ಸದ್ದು ಮಾಡುತ್ತಿತ್ತು.

ಭಾನುವಾರ ಹುಲ್ಲಹಳ್ಳಿಯ ಬೀಗರೂಟಕ್ಕೆ ಹೊರಡುವ ಮುನ್ನ ಅವನು ಒಬ್ಬನೇ ಕೂತು ಕೊನೆಯ ಕೈ ಆಡಿಸಿದ. ನಾನು ಇಣುಕಲಿಲ್ಲ. ಶಾಮಿಯಾನದಲ್ಲಿ ಮುದ್ದೆ, ಬಾಡಿನ ಸಾರು ಬಡಿಸುವ ಹೊತ್ತಿಗೆ ದೊಡ್ಡ ಪರದೆಯ ಮೇಲೆ ವಿಡಿಯೋ ಶುರುವಾಯಿತು. ಧಾರೆ ಬಂದಾಗ ಉಣ್ಣುತ್ತಿದ್ದವರ ಕೈ ಎಲೆಯ ಮೇಲೇ ನಿಂತಿತು. ಬಡಿಸುವವರು ಸೌಟು ಹಿಡಿದೇ ನಿಂತರು. ಬೀಗರ ಪಂಕ್ತಿಯಲ್ಲಿ ಕೂತಿದ್ದ ಚೈತ್ರ ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡು ಅಪ್ಪನ ಕಡೆ ತಿರುಗಿದಳು. ಅವನೂ ಈ ಸಲ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಚಿತ್ರ ಬದಲಾಯಿತು. ಪರದೆಯ ತುಂಬ ಹಳದಿ ಶರ್ಟಿನ ಬೆನ್ನು. ಅದರ ಮೇಲೆ ಮೆಲ್ಲಮೆಲ್ಲಗೆ ಗುಲಾಬಿ ದಳಗಳು ಉದುರುತ್ತಿದ್ದವು, ಎರಡು ಹೃದಯಗಳೂ ತೇಲುತ್ತಿದ್ದವು. "ಕ್ಯಾಮ್ರಾಗೆ ಅಡ್ಡ ನಿಂತ್ಕೋಬೇಡಿ ಅಂದ್ರೆ ಅರ್ಥ ಆಗಲ್ವಾ?" ಎಂದು ನನ್ನ ದನಿ ನಾಲ್ಕು ಸ್ಪೀಕರಿನಲ್ಲೂ ಮೊಳಗಿತು. ಶಾಮಿಯಾನವೇ ನಕ್ಕಿತು. ಚೈತ್ರ ಅಳುತ್ತಿದ್ದವಳು ಎಲೆಯ ಮೇಲೆ ಬೀಳುವ ಹಾಗೆ ನಕ್ಕಳು. ನನ್ನ ಪಕ್ಕದಲ್ಲಿದ್ದ ಮಾದೇಶಣ್ಣ ಮುದ್ದೆ ಮುರಿಯುತ್ತಾ, "ನೀನಿಲ್ದೆ ಅದ್ಯಾವ್ ಮದ್ವೆ ಕಣಪ್ಪ. ಗಿಫ್ಟು ಕೊಟ್ಟೋನು ಕಾಣ್ಬೇಕಲ್ವಾ" ಎಂದ. ಅವನು ಆಡಿದ ಎರಡನೆಯ ತಮಾಷೆ ಅದು.

ಬೆಂಗಳೂರಿನಿಂದ ಹೊಸ ಕೇಬಲ್ಲು ಆಮೇಲೆ ಬಂತು. ಮಾದೇಶಣ್ಣನದನ್ನು ಹಿಂದಿರುಗಿಸಲು ಹೋದರೆ, ಅದು ನಿನ್ನಲ್ಲೇ ಇರಲಿ ಎಂದುಬಿಟ್ಟ. ಹೊಸದನ್ನು ಅಂಗಡಿಯ ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದೇನೆ, ಎಲ್ಲ ಮದುವೆಯದೂ ಎರಡನೆಯ ಕಾಪಿಯೊಂದನ್ನು ತಿ. ನರಸೀಪುರದಲ್ಲಿ ಇಡುತ್ತೇನೆ. ವ್ಯಾಪಾರವೂ ಮೊದಲಿಗಿಂತ ಚೆನ್ನಾಗಿದೆ, ಆ ಬೀಗರೂಟದ ವಿಡಿಯೋ ನೋಡಿದವರು ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಬಂದವರು ಹಾಡು ಯಾವುದು, ಎಷ್ಟು ಹೊತ್ತಿನದು ಎಂದೆಲ್ಲ ಮಾತಾಡಿ ಮುಗಿಸಿ, ಮೆಟ್ಟಿಲಿಳಿಯುವ ಮುಂಚೆ ಸ್ವಲ್ಪ ತಡೆದು, ಸಂಕೋಚದಿಂದ ಒಂದು ಮಾತು ಹೇಳುತ್ತಾರೆ. "ಮದ್ವೆಗೆ ನೀವೂ ಖಂಡಿತ ಬರ್ಬೇಕು ಸಾ. ದಾರೆ ಹೊತ್ನಲ್ಲಿ ಮಾತ್ರ ಒಸಿ ಊಟದ್ ಹಾಲ್‌ನಲ್ಲಿ ಇದ್ಬುಡಿ."